ತೊಳೆಯದ ಕೈ

ಮಲಪ್ರಭೆಯ ದಂಡೆಯ ಮೇಲೆ ಒಂದು ಮಠವಿತ್ತು. ಮಠ ಅಂದರೆ ದೊಡ್ಡದೇನಲ್ಲ. ಒಂದು ಪಡಸಾಲೆ, ಒಂದು ಅಡುಗೆ ಮನೆ, ಎಂಟು ಜನ ಶಿಷ್ಯರು, ಒಬ್ಬ ಗುರು. ಗುರುವನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಆ ಮಠದ ಶಿಷ್ಯರು ಸುತ್ತಲಿನ ಊರುಗಳಲ್ಲಿ ಒಂದು ಕೆಲಸಕ್ಕೆ ಹೆಸರಾಗಿದ್ದರು. ಅದು ಬಡಿಸುವ ಕೆಲಸ. ಎಲ್ಲಿ ದಾಸೋಹ ನಡೆದರೂ ಪಂಕ್ತಿಗೆ ಬಡಿಸಲು ಅವರಿಗೇ ಕರೆ ಬರುತ್ತಿತ್ತು.

ಬಡಿಸುವುದಕ್ಕೆ ಅಜ್ಜಾರು ಎರಡು ನೇಮ ಹಾಕಿದ್ದರು.

ಸೌಟು ಕೈಯಲ್ಲಿರುವಾಗ ಬಾಯಿ ತೆರೆಯಬಾರದು. ತೆರೆದರೆ ಎಂಜಲು ಹಾರಿ ಅನ್ನದಲ್ಲಿ ಬೀಳುತ್ತದೆ.

ಎಲೆ ನೋಡಬೇಕು, ಮುಖ ನೋಡಬಾರದು. ನೋಡಿದರೆ ಪರಿಚಯದವರಿಗೆ ಸೌಟು ತುಂಬುತ್ತದೆ, ಉಳಿದವರಿಗೆ ಅರ್ಧವಾಗುತ್ತದೆ.

ಒಳ್ಳೆಯ ನೇಮಗಳೇ. ಹೆಸರು ಬಂದದ್ದೂ ಅವುಗಳಿಂದಲೇ.

ಶಿಷ್ಯರಲ್ಲಿ ಅಡಿವೆಯ್ಯ ಎಂಬವನು ಎಲ್ಲರಿಗಿಂತ ಚೊಕ್ಕಟ. ಇಪ್ಪತ್ತೆರಡು ವರ್ಷ. ಅವನು ಬಡಿಸಿದರೆ ಒಂದು ಅಗುಳು ಎಲೆಯ ಹೊರಗೆ ಬೀಳುತ್ತಿರಲಿಲ್ಲ. ಪಂಕ್ತಿಯ ಈ ತುದಿಯಿಂದ ಆ ತುದಿಗೆ ಅವನು ಹೋಗಿಬಂದದ್ದು ಉಣ್ಣುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಆ ವರ್ಷ ಊರಿನ ಶಿದ್ರಾಮಪ್ಪ ಸಾವಕಾರ ತನ್ನ ತಂದೆಯ ನೆನಪಿಗೆ ಐದು ದಿನದ ದಾಸೋಹ ಇಟ್ಟಿದ್ದ. ನಾಲ್ಕನೆಯ ದಿನ ಬಡಿಸಿ ಮುಗಿಸಿ ಜೊತೆಯವರೆಲ್ಲ ಹೊತ್ತಿರುವಾಗಲೇ ಮಠಕ್ಕೆ ಬಂದು ಉಂಡು ಎದ್ದರು. ಅಡಿವೆಯ್ಯ ಬರಲಿಲ್ಲ. ಹೊಳೆಯ ದಂಡೆಯಲ್ಲಿ ಸುಮ್ಮನೆ ಕೂತಿದ್ದು, ದೀಪ ಹಚ್ಚುವ ಹೊತ್ತಿಗೆ ಬಂದ. ಕೈಯಲ್ಲಿ ಒಂದು ಡಬರಿ ತುಂಬ ಗೋದಿ ಹುಗ್ಗಿ ಇತ್ತು.

ಅಜ್ಜಾರು ಅವನಿಗಾಗಿ ಕಾದಿದ್ದರು. ಇಬ್ಬರೂ ಎಲೆ ಹಾಕಿಕೊಂಡು ಎದುರಾಬದುರಾ ಕೂತರು.

ಆ ಮಠದಲ್ಲಿ ಒಂದು ವಾಡಿಕೆ. ಹೊರಗೆ ಹೋಗಿ ಬಂದವರು ಅಂದು ಕಂಡದ್ದರಲ್ಲಿ ಒಂದನ್ನು ಊಟಕ್ಕೆ ಕೂತಾಗ ಹೇಳಬೇಕು.

ಅಜ್ಜಾರು ಹುಗ್ಗಿಗೆ ಕೈ ಹಾಕಿ ಒಂದು ತುತ್ತು ಕಲಸುತ್ತ ಕೇಳಿದರು.

"ಇವತ್ತ ಏನ ಕಂಡಿ ತಮ್ಮಾ?"

"ಒಂದು ಅನ್ಯಾಯ ಕಂಡ್ನಿರಿ ಅಜ್ಜಾರ."

"ಹೇಳು."

"ಎರಡನೇ ಪಂಕ್ತಿ ನಡದಿತ್ರಿ. ಒಬ್ಬ ಪರಸ್ಥಳದ ಮನಷ್ಯಾ ಕುಂತಿದ್ದ. ವಯಸ್ಸಾಗೇತಿ. ಬಾಜೂಕ ಒಂದ ಚೀಲ ಇಟ್ಕೊಂಡಿದ್ದ. ಅವಗ ಮಾತ ಬರೂದಿಲ್ರಿ. ಅಂದ್ರ ಬರತೈತಿ, ಖರೆ ತಡೀತೈತಿ. ಒಂದ ಅಕ್ಷರದಾಗ ಸಿಕ್ಕೊಂಡು ಅಲ್ಲೇ ನಿಂತಬಿಡತಾನ."

"ಹೂಂ."

"ಸಾವಕಾರ್ರು ಪಂಕ್ತಿ ನೋಡಕೋತ ಬಂದ್ರು. 'ಮೊದಲನೇ ಪಂಕ್ತ್ಯಾಗೂ ಕುಂತಿದ್ದೆಲ್ಲ? ಎರಡ ಸಲ ಉಣ್ಣಾಕ ಬಂದೀಯೇನು?' ಅಂದ್ರು. ಅಂವ ಹೇಳಾಕ ಹೋದ. 'ನಾ, ನಾ' ಅಂತ ಅಲ್ಲೇ ನಿಂತ. ಯಾರೋ ಅವನಂಗ 'ನಾ ನಾ ನಾ' ಅಂದ್ರು. ಪಂಕ್ತಿಗೆ ಪಂಕ್ತೀನ ನಕ್ಕಿತು."

"ಆಮ್ಯಾಲ?"

"ರಟ್ಟಿ ಹಿಡದು ಎಬ್ಬಿಸಿಬಿಟ್ರು ಅಜ್ಜಾರ. ಉಣ್ಣೂ ಮನಷ್ಯಾನ್ನ. ಎಲಿ ಮ್ಯಾಲಿಂದ."



ಉಣ್ಣುವವನನ್ನು ಎಲೆಯಿಂದ ಎಬ್ಬಿಸುವುದಕ್ಕಿಂತ ದೊಡ್ಡ ಅವಮಾನ ನಮ್ಮ ಕಡೆ ಇಲ್ಲ. ಹೊಡೆದದ್ದನ್ನು ಮರೆತವರನ್ನು ನಾನು ನೋಡಿದ್ದೇನೆ. ಇದನ್ನು ಮರೆತವರನ್ನು ನೋಡಿಲ್ಲ. ಅಲ್ಲಿ ಇನ್ನೂರು ಜನ ಕೂತಿದ್ದರು, ಇನ್ನೂರು ಜನಕ್ಕೂ ಕಣ್ಣಿದ್ದವು. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಜ್ಜಾರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಅವರು ಸಣ್ಣ ಸಣ್ಣ ಪ್ರಶ್ನೆ ಕೇಳತೊಡಗಿದರು.

"ಎಷ್ಟ ತುತ್ತ ಉಂಡಿದ್ದ?"

"ಒಂದ."

"ಏಳೂ ಮುಂದ ಕೈ ತೊಳಕೊಂಡನೇನು?"

"ಇಲ್ರಿ. ನೀರ ಕೊಡಲಿಲ್ಲ. ಎಂಜಲಗೈ ಹಂಗ ಹಿಡಕೊಂಡು ಹೋದ."

"ಖರೇನ ಅಂವ ಎರಡ ಸಲ ಕುಂತಿದ್ದನೇನು?"

ಅಡಿವೆಯ್ಯ ಎಲೆಯ ಅಂಚು ಮುಟ್ಟಿ ನೋಡಿದ.

"ಮೊದಲನೇ ಪಂಕ್ತ್ಯಾಗ ಕುಂತಿದ್ದ. ಉಂಡಿದ್ದಿಲ್ಲ. ಬಡಸೂಕಿಂತ ಮೊದಲ ಎದ್ದ ಹೋಗಿದ್ದ."

"ಯಾಕ ಎದ್ದ?"

"ಸಾವಕಾರ್ರ ಬೀಗರು ತಡಾಮಾಡಿ ಬಂದ್ರು. ಜಾಗಾ ಇದ್ದಿಲ್ಲ. ಮುಂದಿನ ಪಂಕ್ತಿಗೆ ಕೂಡು ಅಂತ ಅವಗ ಹೇಳಿದ್ರು. ಸುಮ್ನ ಎದ್ದು ಗೋಡಿ ಹಂತ್ಯಾಕ ನಿಂತ."

"ಯಾರು ಹೇಳಿದ್ರು?"

"ಬಡಸವ್ರು."

"ಬಡಸವ್ರು ಅಂದ್ರ?"

ಹೊರಗೆ ಹೊಳೆಯ ಸದ್ದು ಕೇಳುತ್ತಿತ್ತು. 

"ನಾನ್ರಿ," ಎಂದ.

"ಅದು ಯಾರ ಯಾರಿಗೆ ಗೊತ್ತಿತ್ತು?"

"ಅವಗ. ನನಗ."

"ಅವಗ ಮಾತ ಬರೂದಿಲ್ಲ ಅಂದಿ."

"ಹೌದ್ರಿ."

"ನಿನಗ?"

ಅಡಿವೆಯ್ಯ ಥಟ್ಟನೆ ತಲೆ ಎತ್ತಿದ. ಈ ಪ್ರಶ್ನೆ ಬರುತ್ತದೆಂದು ಗೊತ್ತಿದ್ದವನಂತೆ ಉತ್ತರ ಸಿದ್ಧವಿತ್ತು.

"ಸೌಟು ಕೈಯಾಗಿತ್ರಿ ಅಜ್ಜಾರ. ಸೌಟು ಹಿಡದಾಗ ಬಾಯಿ ತಗೀಬಾರದು. ನಿಮ್ಮದ ನೇಮ."

ಅಜ್ಜಾರ ಕೈ ತುತ್ತಿನ ಮೇಲೆ ನಿಂತಿತು.

"ಹೌದು," ಎಂದರು. "ನನ್ನ ನೇಮ. ಅಂವ ನಿನ್ನ ಕಡೆ ನೋಡಿದನೇನು?"

"ಮಾರಿ ನೋಡಬಾರದು ಅಂತ..."

"ಅದೂ ನನ್ನ ನೇಮ. ಅಂವ ನೋಡಿದನೇನು ಅಂತ ಕೇಳಿದ್ನಿ."

"ಕೈ ಮಾಡಿ ತೋರಿಸಿದ್ರಿ. ನನ್ನ ಕಡೆ."

"ನೀ ಏನ ಮಾಡಿದಿ?"

"ಬಕೀಟನ್ಯಾಗ ನೋಡಿದ್ನಿ."

"ಬಕೀಟನ್ಯಾಗ ಏನಿತ್ತು?"

"ಹುಗ್ಗಿ."

"ಆಮ್ಯಾಲ?"

"ಮುಂದಿನ ಎಲಿಗೆ ಬಡಸಿದ್ನಿ."

ಅಜ್ಜಾರು ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟರು. "ಹಸದಿರಬೇಕು. ಉಣ್ಣು," ಎಂದರು.

ಅಡಿವೆಯ್ಯ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬೈಗುಳ ತಪ್ಪಿತು ಎಂದುಕೊಂಡ. ಹುಗ್ಗಿಯಲ್ಲಿ ತುಪ್ಪ ಕಲಸಿ ತುತ್ತು ಮಾಡಿ ಬಾಯಿಯ ಹತ್ತಿರ ತಂದ.

"ಏಳು," ಎಂದರು ಅಜ್ಜಾರು.

"ಏನ್ರಿ?"

"ಏಳು ಅಂದ್ನಿ."

ತುತ್ತು ಎಲೆಗೆ ಬಿತ್ತು. ಅಡಿವೆಯ್ಯ ಎದ್ದು ನಿಂತ. ಮುಖ ಕೆಂಪಾಗಿತ್ತು. ಪಡಸಾಲೆಯಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ, ಆದರೂ ಅವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮೂಲೆಯ ನೀರಿನ ಕೊಡದ ಕಡೆಗೆ ತಿರುಗಿದ.

"ಎಲ್ಲಿ ಹೊಂಟಿ?"

"ಕೈ ತೊಳಕೊಳ್ಳಾಕ."

"ಅಂವ ತೊಳಕೊಂಡನೇನು?"

ಅಡಿವೆಯ್ಯ ನಿಂತಲ್ಲೇ ನಿಂತ.

"ನೀನೂ ತೊಳೀಬ್ಯಾಡ."

"ಎಲ್ಲೀತನಾ ಅಜ್ಜಾರ?"

ಅಜ್ಜಾರು ಬೇರೆಯದನ್ನೇ ಕೇಳಿದರು.

"ಅಂವ ಏನ ಕೆಲಸದಾಂವ?"

"ಬೀಸೂಕಲ್ಲಿನಾಂವ್ರಿ. ಸವದ ಕಲ್ಲಿಗೆ ಚಾಣದಲೆ ಬಡದು ಮತ್ತ ಹಲ್ಲ ಹಾಕಿಕೊಡತಾನ. ಚೀಲದಾಗ ಚಾಣ, ಸುತ್ತಿಗಿ ಇದ್ದೂ."

"ಅಂದ್ರ ಮನಿಮನಿಗೆ ಹೋಗಿ, ಅಡಗಿಮನಿ ಬಾಗಲದಾಗ ಕುಂತು ದುಡ್ಯಾಂವ."

"ಹೌದ್ರಿ."

"ನಾಳಿ ದಾಸೋಹದ ಕಡೀ ದಿನ. ಉಂಡು ಆ ಜನಾ ಎಲ್ಲಿಗೆ ಹೋಗತಾರ?"

"ತಮ್ತಮ್ಮ ಊರಿಗೆ."

"ಅವನ ಸುದ್ದಿ ಏನಂತ ಹೇಳಕೋತ ಹೋಗತಾರ?"

ಅಡಿವೆಯ್ಯನಿಗೆ ಅರ್ಥವಾಯಿತು. ನಾಳೆ ಮಧ್ಯಾಹ್ನದವರೆಗೆ ಆ ಇನ್ನೂರು ಜನ ಒಂದು ಕಡೆ ಇರುತ್ತಾರೆ. ಆಮೇಲೆ ಅವರು ಎಂದೂ ಮತ್ತೆ ಒಂದು ಕಡೆ ಕೂಡುವುದಿಲ್ಲ. ಹತ್ತು ಊರಿನ ಅಡುಗೆ ಮನೆಗಳ ಬಾಗಿಲು ಆ ಮನುಷ್ಯನಿಗೆ ಒಂದೊಂದಾಗಿ ಮುಚ್ಚುತ್ತವೆ.

"ಮುಂಜಾನೆ ಇಬ್ರೂ ಹೋಗೂಣು," ಎಂದು ಅಜ್ಜಾರು ಎದ್ದರು. ಬಲಗೈಯನ್ನು ಶಾಲಿನೊಳಗೆ ಸೇರಿಸಿಕೊಂಡು ಒಳಗೆ ನಡೆದರು.

ಬೆಳಗಾಗುವ ಹೊತ್ತಿಗೆ ಅಡಿವೆಯ್ಯನ ಕೈಯ ಮೇಲೆ ಹುಗ್ಗಿ ಒಣಗಿ ಬಿಗಿದುಕೊಂಡಿತ್ತು. ಬೆಲ್ಲದ ವಾಸನೆಗೆ ಇರುವೆ ಹತ್ತಿದ್ದವು. ವಿಭೂತಿ ಮುಟ್ಟುವ ಹಾಗಿರಲಿಲ್ಲ. ನೀರಿನ ಕೊಡ ಮುಟ್ಟುವ ಹಾಗಿರಲಿಲ್ಲ. ಜೊತೆಯ ಶಿಷ್ಯನೊಬ್ಬ ಅವನ ಕೈ ನೋಡಿ ಮೂಗು ಮುರಿದು ದೂರ ಸರಿದ. ಎಂಜಲು ಕೈಯವನು ಎಲ್ಲಿಯೂ ಸಲ್ಲುವುದಿಲ್ಲ ಎಂಬುದು ಅವನಿಗೆ ಮೊದಲೂ ಗೊತ್ತಿತ್ತು, ಆದರೆ ಆಗ ಎಂಜಲು ಕೈ ಬೇರೆಯವರದಾಗಿತ್ತು.

ಇಬ್ಬರೂ ಹೊಳೆಯ ದಂಡೆ ಹಿಡಿದು ಊರ ಕಡೆ ನಡೆದರು. ಊರ ಹೆಬ್ಬಾಗಿಲಾದ ಅಗಸಿಯ ಹತ್ತಿರ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು.

"ಬೀಸೂಕಲ್ಲಿನಾಂವ ಒಬ್ಬಾಂವ ಈ ಕಡೆ ಬಂದಿದ್ದನೇನಬೇ ಯವ್ವಾ?" ಎಂದು ಅಡಿವೆಯ್ಯ ಕೇಳಿದ.

"ಯಾರು? ಎರಡೆಲಿಯಾಂವನೇನು?" ಎಂದಳು ಆಕೆ ನಗುತ್ತ. "ಹೊತ್ತ ಹೊಂಡೂಕ ಮೊದಲ ಬಂದಿದ್ದ. ನಮ್ಮ ಓಣ್ಯಾಗ ಯಾರೂ ಕಲ್ಲ ಮುಟ್ಟಗೊಡಲಿಲ್ಲ. ಕಡವಿನ ಕಡೆ ಹೋದ."

ಒಂದೇ ದಿನದಲ್ಲಿ ಹೆಸರೂ ಇಟ್ಟಾಗಿತ್ತು. ಇಂಥ ಹೆಸರು ಇಡುವುದರಲ್ಲಿ ನಾವು ಬಹಳ ಚುರುಕು.

ಅಡಿವೆಯ್ಯ ಓಡುವ ಹಾಗೆ ನಡೆದ. ಅಜ್ಜಾರು ಹಿಂದೆ ಉಳಿದರು.

ಕಡವಿನಲ್ಲಿ, ಹೊಳೆ ದಾಟುವ ಜಾಗದ ಜಾಲಿ ಗಿಡದ ಕೆಳಗೆ, ಆ ಮನುಷ್ಯ ಧೋತರ ಮೇಲೆ ಕಟ್ಟಿಕೊಂಡು ನೀರಿಗೆ ಇಳಿಯುವುದರಲ್ಲಿದ್ದ. ಚೀಲ ಹೆಗಲ ಮೇಲಿತ್ತು.

"ಕಾಕಾ! ನಿಂದರ್ರಿ!"

ಅವನು ತಿರುಗಿ ನೋಡಿದ. ಗುರುತು ಹಿಡಿದ. ಒಂದು ಹೆಜ್ಜೆ ಹಿಂದೆ ಸರಿದ.

ಅಡಿವೆಯ್ಯ ಅವನ ಮುಂದೆ ಹೋಗಿ ಬಗ್ಗಿದ.

"ತಪ್ಪ ನಂದೈತಿ ಕಾಕಾ. ನಿಮ್ಮನ್ನ ಎಬ್ಬಿಸೂ ಮುಂದ ನಾ ಹೇಳಬೇಕಾಗಿತ್ತು. ಹೇಳಲಿಲ್ಲ. ಕ್ಷಮಾ ಮಾಡ್ರಿ."

ಆ ಮನುಷ್ಯ ಅವನ ಮುಖ ನೋಡಲಿಲ್ಲ. ಒಣಗಿದ ಹುಗ್ಗಿಯ ಕೈ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಏನೋ ಹೇಳಲು ಬಾಯಿ ತೆರೆದ.

"ಅ..."

ಮಾತು ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು.

"ಅ... ಅ..."

"ಅನ್ನ ಬೇಕೇನ್ರಿ?" ಎಂದ ಅಡಿವೆಯ್ಯ ಅವಸರದಿಂದ. "ಮಠದಾಗ ಐತ್ರಿ. ಈಗ ಹೋಗಿ ಬಿಸೀದ..."

ಹಿಂದಿನಿಂದ ಬಂದ ಅಜ್ಜಾರು ಎಡಗೈಯನ್ನು ಅವನ ಹೆಗಲ ಮೇಲಿಟ್ಟರು. ಅಡಿವೆಯ್ಯ ಬಾಯಿ ಮುಚ್ಚಿದ.

ಮೂವರೂ ನಿಂತರು. ಹೊಳೆಯ ನೀರು ಹರಿಯುತ್ತಿತ್ತು. ಆ ಮನುಷ್ಯ ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಉಸಿರು ಹಿಡಿದು, ಬಿಟ್ಟ.

"ಅಲ್ಲಿ," ಎಂದ. ಊರ ಕಡೆ ಕೈ ತೋರಿಸಿದ. "ಅಲ್ಲಿ ಹೇ... ಹೇಳ್ರಿ."

"ಅಲ್ಲಿ ಇನ್ನೂರ ಮಂದಿ ಇರತಾರ ಕಾಕಾ."

ಅವನು ತಲೆಯಾಡಿಸಿದ. ಅದು ತನಗೆ ಗೊತ್ತಿದೆ ಎಂಬಂತೆ.

"ನಿಮ್ಮ ಹೆಸರೇನ್ರಿ?"

ಈ ಸಲ ಅಡಿವೆಯ್ಯ ಕಾದ. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಅಡಿವೆಯ್ಯ ಏನೂ ಊಹಿಸಲಿಲ್ಲ.

"ಹು... ಹುಲಗಪ್ಪ."

"ನೀವೂ ಬರ್ರಿ ಹುಲಗಪ್ಪ ಕಾಕಾ. ನೀವು ಮುಂದ ಇದ್ರ..."

ಹುಲಗಪ್ಪ ಜೋರಾಗಿ ತಲೆ ಅಲ್ಲಾಡಿಸಿದ. ಸಾವಕಾರನ ಅಂಗಳಕ್ಕೆ ಅವನು ಮತ್ತೆ ಕಾಲಿಡಲಾರ. ಚೀಲ ಕೆಳಗಿಟ್ಟು ಜಾಲಿ ಗಿಡದ ಬುಡದಲ್ಲಿ ಕೂತು ಹೊಳೆಯ ಕಡೆ ಮುಖ ಮಾಡಿದ. ದಾಟಿ ಹೋಗುತ್ತಾನೋ ಇರುತ್ತಾನೋ ಹೇಳುವಂತಿರಲಿಲ್ಲ.

ಗುರು ಶಿಷ್ಯರು ಊರ ದಾರಿ ಹಿಡಿದರು. ಬಿಸಿಲು ಏರುತ್ತಿತ್ತು. ಅಡಿವೆಯ್ಯನ ನಡಿಗೆ ನಿಧಾನವಾಯಿತು.

"ಅಜ್ಜಾರ, ನೀವು ಒಂದ ಮಾತ ಹೇಳಿದ್ರ ಸಾವಕಾರ್ರು ಕೇಳತಾರ್ರಿ."

"ನಾ ಅಲ್ಲಿ ಇದ್ನೇನು?"

"ಇಲ್ರಿ."

"ನಾ ಕಾಣಲಾರದ್ದನ್ನ ನಾ ಹ್ಯಾಂಗ ಹೇಳಲಿ?"

ಸ್ವಲ್ಪ ದೂರ ಹೋದರು.

"ಎಲ್ಲಿಂದ ಸುರು ಮಾಡಲಿ ಅಜ್ಜಾರ?"

"ಯಾವ ಮಾತ ನುಂಗಿದಿ, ಅಲ್ಲಿಂದ."

ಇನ್ನೂ ಸ್ವಲ್ಪ ದೂರ ಹೋದರು.

"ಸಾವಕಾರ್ರು ಸಿಟ್ಟಾದ್ರ?"

"ಸಿಟ್ಟಾಗೂದು ಅವರ ಕೆಲಸ. ಅದನ್ನೂ ನೀನ ಮಾಡಾಕ ಹೋಗಬ್ಯಾಡ."

ಸಾವಕಾರನ ಅಂಗಳ ಅಂದು ತುಂಬಿ ತುಳುಕುತ್ತಿತ್ತು. ಕೊನೆಯ ದಿನವಾದ್ದರಿಂದ ಸುತ್ತಲ ಊರುಗಳ ಜನ ಬಂದಿದ್ದರು. ಎರಡು ಉದ್ದ ಸಾಲಿನಲ್ಲಿ ಮುತ್ತುಗದ ಎಲೆ ಹಾಕಿತ್ತು. ಮಠದ ಶಿಷ್ಯರು ಬಾಯಿ ಮುಚ್ಚಿ, ತಲೆ ಬಗ್ಗಿಸಿ, ಎಲೆ ನೋಡುತ್ತ ಬಡಿಸುತ್ತಿದ್ದರು.

ಶಿದ್ರಾಮಪ್ಪ ಸಾವಕಾರ ಅಜ್ಜಾರನ್ನು ಕಂಡು ಓಡಿ ಬಂದ. ಕೆಟ್ಟ ಮನುಷ್ಯನೇನಲ್ಲ ಅವನು. ಐದು ದಿನದಿಂದ ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು.

"ಬರ್ರಿ ಅಜ್ಜಾರ, ಮೊದಲನೇ ಎಲಿ ನಿಮ್ದ. ಕುಂದರ್ರಿ."

"ನಂದಿನ್ನೂ ನಿನ್ನೀ ಊಟಾನ ಮುಗದಿಲ್ಲ ಸಾವಕಾರ," ಎಂದರು ಅಜ್ಜಾರು.

ಸಾವಕಾರ ಅದನ್ನು ತಮಾಷೆ ಎಂದುಕೊಂಡು ನಕ್ಕ. ಅಜ್ಜಾರು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತರು, ಶಾಲು ಹೊದ್ದುಕೊಂಡೇ.

ಅಡಿವೆಯ್ಯ ಪಂಕ್ತಿಯ ನಡುವೆ ಹೋಗಿ ನಿಂತ. ನಿನ್ನೆ ಆ ಎಲೆ ಇದ್ದ ಜಾಗ ಅವನಿಗೆ ಚೆನ್ನಾಗಿ ನೆನಪಿತ್ತು. ಇಂದು ಅಲ್ಲಿ ಬೇರೆ ಯಾರೋ ಕೂತು ಉಣ್ಣುತ್ತಿದ್ದರು.

ಒಬ್ಬಿಬ್ಬರು ತಲೆ ಎತ್ತಿ ನೋಡಿದರು. ಬಡಿಸುವವನ ಕೈಯಲ್ಲಿ ಸೌಟಿಲ್ಲ. ಕೈ ಎಂಜಲಾಗಿದೆ.

"ನಾ..." ಎಂದ ಅಡಿವೆಯ್ಯ.

ಮಠದಲ್ಲಿ ಎಲ್ಲರಿಗಿಂತ ಗಟ್ಟಿ ಧ್ವನಿ ಅವನದೇ. ಅದು ಎಲ್ಲಿ ಹೋಯಿತೋ.

"ನಾ... ನಾ..."

ಯಾರೋ ಕಿಸಕ್ಕನೆ ನಕ್ಕರು. ಅದೇ ನಗು. ಹಿಂದೆ ತಿರುಗಿ ನಡೆದುಬಿಡಲು ಈಗಲೂ ದಾರಿ ಇತ್ತು. ಬಾಗಿಲು ಇಪ್ಪತ್ತು ಹೆಜ್ಜೆ ದೂರ.

ಅವನ ಕಣ್ಣು ಎಲೆಗಳ ಮೇಲಿತ್ತು. ಅವನು ತಲೆ ಎತ್ತಿದ. ನಾಲ್ಕು ವರ್ಷ ಬಡಿಸಿದ್ದರೂ ಪಂಕ್ತಿಯಲ್ಲಿ ಮುಖಗಳು ಅವನಿಗೆ ಕಂಡದ್ದು ಅದೇ ಮೊದಲು.

"ಮುಂದಿನ ಪಂಕ್ತಿಗೆ ಕೂಡು ಅಂತ ನಾನ ಹೇಳಿದ್ನಿ," ಎಂದ.

ಮಾತು ಹೊರಬಿತ್ತು. ಯಾರಿಗೂ ಅರ್ಥವಾಗಲಿಲ್ಲ. ಅವನು ಮತ್ತೆ ಹೇಳಿದ, ಈ ಸಲ ಇನ್ನೂರು ಜನಕ್ಕೂ ಕೇಳುವಂತೆ.

"ನಿನ್ನಿ ಈ ಜಾಗಾದಾಗ ಒಬ್ಬ ಮನಷ್ಯಾ ಕುಂತಿದ್ದ. ಅವನ ಹೆಸರು ಹುಲಗಪ್ಪ. ಬೀಸೂಕಲ್ಲಿನ ಕೆಲಸದಾಂವ. ಮೊದಲನೇ ಪಂಕ್ತ್ಯಾಗ ಬೀಗರಿಗೆ ಜಾಗಾ ಬೇಕಂತ ಅವನ್ನ ಎಬ್ಬಿಸಿದಾಂವ ನಾನು. ಎರಡನೇ ಪಂಕ್ತಿಗೆ ಕೂಡು ಅಂದಾಂವನೂ ನಾನು. ಅಂವ ಎರಡ ಸಲ ಉಂಡಿಲ್ಲ. ಒಂದ ಸಲಾನೂ ಉಂಡಿಲ್ಲ. ಅವನ್ನ ಎಬ್ಬಿಸೂ ಮುಂದ ಅಂವ ನನ್ನ ಕಡೆ ಕೈ ಮಾಡಿದ. ನಾ ನೋಡಿದ್ನಿ. ನೋಡಲಾರದಂಗ ಮಾಡಿದ್ನಿ."

ಅರ್ಧ ಜನ ಉಣ್ಣುವುದನ್ನು ನಿಲ್ಲಿಸಿದರು. ಅರ್ಧ ಜನ ಉಣ್ಣುತ್ತಲೇ ಇದ್ದರು.

ಸಾವಕಾರ ಬಂದು ಅವನ ಎದುರು ನಿಂತ. ಧ್ವನಿ ತಗ್ಗಿಸಿಯೇ ಮಾತಾಡಿದ.

"ತಮ್ಮಾ, ನಮ್ಮಪ್ಪನ ತಿಥಿ ಇದು. ಪಂಚಾಯ್ತಿ ಕಟ್ಟಿ ಅಲ್ಲ."

"ಹೌದ್ರಿ ಸಾವಕಾರ್ರ."

"ಒಂದ ಎಲಿ ಊಟದ ಮಾತದು. ಏನೋ ಗದ್ದಲದಾಗ ಆತು. ಕರಕೊಂಡ ಬಾ ಅವನ್ನ. ನಾಕ ಎಲಿ ಬಡಸತೀನಿ."

"ಅಂವ ಊಟಾ ಕೇಳಿಲ್ರಿ. ಅಲ್ಲಿ ಹೇಳ್ರಿ ಅಂದ. ಅದಕ್ಕ ಹೇಳಾಕತ್ತೀನಿ."

"ಹೇಳೂದಾತಲ್ಲ? ಹೋಗಿ ಸೌಟ ಹಿಡಿ."

"ಕೈ ಎಂಜಲೈತ್ರಿ."

ಸಾವಕಾರನ ಮುಖ ಬಿಗಿಯಿತು. ಇಷ್ಟು ಹೊತ್ತಿಗೆ ಅಂಗಳದಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಐದು ದಿನ ಕೈಯೆತ್ತಿ ಅನ್ನ ಹಾಕಿದವನ ಬಗ್ಗೆ ಆರನೆಯ ದಿನ ಯಾವ ಮಾತು ಉಳಿಯುತ್ತದೆ ಎಂಬ ಹೆದರಿಕೆ ಅವನ ಕಣ್ಣಿನಲ್ಲಿತ್ತು. ಅವನು ಕಟ್ಟೆಯ ಕಡೆ ತಿರುಗಿದ.

"ಅಜ್ಜಾರ, ನಿಮ್ಮ ಹುಡುಗಗ ನೀವರ ಒಂದಿಟ ಹೇಳ್ರಿ!"

"ಅಂವ ಹೇಳಾಕತ್ತಾನ," ಎಂದರು ಅಜ್ಜಾರು. "ನಾನೂ ಕೇಳಾಕತ್ತೀನಿ."

ಅಡಿವೆಯ್ಯ ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿತ್ತು. ಇನ್ನು ನಿಂತಿರುವುದೊಂದೇ ಕೆಲಸ.

ಆಗ ಸಾಲಿನ ತುದಿಯಿಂದ ಒಂದು ಧ್ವನಿ ಬಂತು.

"ನಾ ಅವನ ಬಾಜೂಕ ಕುಂತಿದ್ನಿ."

ಒಬ್ಬ ಮುದುಕಿ. ಹೆಸರು ಗುರಬಾಳವ್ವ. ಊರ ತುದಿಯ ಮನೆಯಾಕೆ, ರೊಟ್ಟಿ ಮಾಡಿ ಮಾರಿ ಬದುಕುವವಳು. ಎಲೆಯ ಮೇಲೆ ಕೈ ಹಾಗೇ ಇಟ್ಟುಕೊಂಡು ಮಾತಾಡಿದಳು.

"ತುತ್ತ ಬಾಯಾಗಿಡೂ ಮುಂದ ಅವನ ಕೈ ನಡಗತಿತ್ತು. ಹಸದ ಮನಷ್ಯಾ ಅಂತ ನನಗ ಗೊತ್ತಾತು. ಉಂಡ ಬಂದಾವರ ಕೈ ಹಂಗ ನಡಗೂದಿಲ್ಲ. ಗೊತ್ತಾದ್ರೂ ನನ್ನ ಎಲಿ ಈಚೆ ಎಳಕೊಂಡ್ನಿ. ನನ್ನನ್ನೂ ಎಲ್ಲೆ ಎಬ್ಬಸತಾರೋ ಅಂತ."

ಯಾರೂ ನಗಲಿಲ್ಲ.

"ಎಲ್ಲದಾನಪಾ ಅಂವ?" ಎಂದಳು ಆಕೆ ಅಡಿವೆಯ್ಯನಿಗೆ. "ನಮ್ಮ ಬೀಸೂಕಲ್ಲ ಸವದ ವರ್ಷಾತು. ಬರಾಕ ಹೇಳು. ನಮ್ಮ ಅಡಗಿಮನಿ ಬಾಗಲದಾಗ ಕುಂತ ಮಾಡಲಿ, ಎಲ್ಲಾರೂ ನೋಡಲಿ."

ಹುಲಗಪ್ಪನನ್ನು ಅಡಿವೆಯ್ಯ ಕಡವಿನಲ್ಲಿ ಬಿಟ್ಟು ಬಂದಿದ್ದ. ಈ ಹೊತ್ತಿಗೆ ಆಚೆ ದಂಡೆ ಸೇರಿರಬಹುದು. ಅವನು ಬಾಯಿ ತೆರೆದ.

ಅಷ್ಟರಲ್ಲಿ ಅಂಗಳದ ಗೋಡೆಯ ಆಚೆಯಿಂದ ಸದ್ದು ಬಂತು.

ಟಣ್. ಟಣ್.

ಚಾಣದ ಮೇಲೆ ಸುತ್ತಿಗೆಯ ಸದ್ದು. ಬೀಸುಕಲ್ಲಿನವರು ಓಣಿ ಓಣಿಯಲ್ಲಿ ಕೂಗುತ್ತ ಹೋಗುತ್ತಾರೆ. ಕೂಗಲು ಬಾರದವನು ಹೀಗೆ ಬಡಿದು ತಾನು ಬಂದದ್ದನ್ನು ತಿಳಿಸುತ್ತಾನೆ.

ಟಣ್. ಟಣ್.

ಗುರಬಾಳವ್ವ ಕೈ ತೊಳೆದುಕೊಂಡು ಎದ್ದು ಹೊರಗೆ ಹೋದಳು. ಅವಳ ಹಿಂದೆ ಇನ್ನೊಬ್ಬ ಹೆಂಗಸು ಎದ್ದಳು. ಬಹಳ ಜನ ಏಳಲಿಲ್ಲ. ಒಬ್ಬಾತ, "ಊಟಾ ಕೆಡಿಸಿದಲ್ಲೋ," ಎಂದು ಅಡಿವೆಯ್ಯನಿಗೆ ಬೈದು ಮತ್ತೆ ಹುಗ್ಗಿ ಹಾಕಿಸಿಕೊಂಡ.

ಸಾವಕಾರ ಗೋಡೆಯ ಕಡೆ ನೋಡುತ್ತ ನಿಂತಿದ್ದ. ಏನು ಅನ್ನಿಸಿತೋ, ಒಂದು ತಂಬಿಗೆ ನೀರು ತೆಗೆದುಕೊಂಡು ಬಾಗಿಲವರೆಗೆ ಹೋದ. ಹೊಸಲಿನ ಮೇಲೆ ಸ್ವಲ್ಪ ಹೊತ್ತು ನಿಂತ. ಆಮೇಲೆ ತಂಬಿಗೆಯನ್ನು ಅಲ್ಲೇ ಇಟ್ಟು ಒಳಗೆ ಹೋಗಿಬಿಟ್ಟ.

ಹೋಗುವಾಗ ಯಾರಿಗೋ ಹೇಳಿದ್ದು ಅಡಿವೆಯ್ಯನಿಗೂ ಕೇಳಿಸಿತು. "ಮುಂದಿನ ವರ್ಷ ಬಡಸಾಕ ಬ್ಯಾರೇದವರನ್ನ ಕರೀರಿ."

ಗುರು ಶಿಷ್ಯರು ಮರಳಿ ಹೊಳೆಯ ದಾರಿ ಹಿಡಿದರು. ಊರ ತುದಿಯ ಒಂದು ಮನೆಯೊಳಗಿಂದ ಚಾಣದ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಬಾಗಿಲಲ್ಲಿ ನಾಲ್ಕೈದು ಹೆಂಗಸರು ನಿಂತು ನೋಡುತ್ತಿದ್ದರು. ಅಡಿವೆಯ್ಯ ನಿಲ್ಲಲಿಲ್ಲ.

"ಮಠದ ಹೆಸರ ಕೆಡಿಸಿದ್ನೇನ್ರಿ ಅಜ್ಜಾರ?"

"ಯಾವ ಹೆಸರು?"

"ಚಲೋ ಬಡಸತಾರ ಅನ್ನೂದು."

"ಅದು ಹೋತು," ಎಂದರು ಅಜ್ಜಾರು. "ನಡಿ."

ಹೊಳೆಗೆ ಬಂದರು. ಅಡಿವೆಯ್ಯ ನೀರಿನ ಅಂಚಿನಲ್ಲಿ ನಿಂತು ಗುರುವಿನ ಮುಖ ನೋಡಿದ.

"ತೊಳಕೊಳ್ಳಲೇನ್ರಿ?"

"ತೊಳಕೊ."

ಒಣಗಿದ ಹುಗ್ಗಿ ಸುಲಭಕ್ಕೆ ಬಿಡಲಿಲ್ಲ. ಮರಳು ಹಚ್ಚಿ ತಿಕ್ಕಿದ. ಬೆರಳು ಸಂದಿಗಳಲ್ಲಿ ತಿಕ್ಕಿದ. ತಿಕ್ಕುತ್ತ ತಿಕ್ಕುತ್ತ ಅವನಿಗೆ ಅಳು ಬಂತು. ಅತ್ತ. ಅಜ್ಜಾರು ಬೇರೆ ಕಡೆ ನೋಡುತ್ತ ನಿಂತಿದ್ದರು.

ಆಮೇಲೆ ಅಡಿವೆಯ್ಯ ದಾರಿಗೆಂದು ತಂದಿದ್ದ ತನ್ನ ತಂಬಿಗೆಯಲ್ಲಿ ನೀರು ತುಂಬಿಕೊಂಡು ಮೇಲೆ ಬಂದ.

"ಬಿಸಲಾಗ ನಡದ ಬಂದೀರಿ ಅಜ್ಜಾರ. ಕೈ ಕಾಲಿಗೆ ನೀರ ಹಾಕತೀನಿ."

ಅಜ್ಜಾರು ಶಾಲಿನೊಳಗಿಂದ ಬಲಗೈ ಹೊರಗೆ ತೆಗೆದರು.

ಐದು ಬೆರಳಿಗೂ ಹುಗ್ಗಿ ಒಣಗಿ ಹಿಡಿದಿತ್ತು. ಬೆಲ್ಲ ಕಪ್ಪಾಗಿತ್ತು. ಅಂಗೈ ಮೇಲೆ ಒಂದೆರಡು ಇರುವೆ ಹರಿದಾಡುತ್ತಿದ್ದವು.

"ಅಜ್ಜಾರ!"

ಅಡಿವೆಯ್ಯ ಅವಸರದಿಂದ ತಂಬಿಗೆಯನ್ನು ಗುರುವಿನ ಕೈಯ ಮೇಲೆ ಬಗ್ಗಿಸಲು ಹೋದ.

ಅಜ್ಜಾರು ಕೈ ಹಿಂದೆ ಎಳೆದುಕೊಂಡರು.

"ಇನ್ನೂ ಬ್ಯಾಡ ತಮ್ಮಾ. ಬಾಯಿ ತಗೀಬಾರದು ಅನ್ನೂ ನೇಮ ಮಾಡಿದಾಂವ ನಾನು, ಮಠದಾಗ ಉಳಿದ ಏಳು ಹುಡುಗರ ಮುಂದ ನಾ ಇನ್ನೂ ಬಾಯಿ ತಗದಿಲ್ಲ."